ಶಟ್ಟೆವ್ವ ಕಾಲು ತೋರಿಸಿದ್ದು

ಡಾಕ್ಟರ ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ ಎಂದರೆ ಸುಳ್ಳು ಹೇಳಿದಂತಾದೀತು. ಮೂರು ಮಾತು ಚೆನ್ನಾಗಿ ಬರುತ್ತಿದ್ದವು: ಬಾಯಿ ತೆಗಿ, ಕೈ ಎತ್ತು, ನಡಿ. ಇಷ್ಟೇ ಬಂಡವಾಳದಲ್ಲಿ ಅವರು ಸವದತ್ತಿ ಕಡೆಯ ಹದಿನೆಂಟು ಹಳ್ಳಿಗಳ ತಪಾಸಣೆ ಮುಗಿಸಿದ್ದರು. ನಾಲ್ಕನೆಯ ಮಾತಿನ ಜರೂರು ಬಿದ್ದದ್ದು ಮನೋಳಿಯಲ್ಲಿ, ಅದೂ ಒಬ್ಬ ಒಕ್ಕಲಗಿತ್ತಿಯ ಕಾಲಿನ ದೆಸೆಯಿಂದ.

ಅದು ೧೯೦೩ನೆಯ ಇಸವಿಯ ಮಾಘ ಮಾಸ. ಊರಲ್ಲಿ ಇಲಿ ಸತ್ತು ಬೀಳತೊಡಗಿದ ಮೇಲೆ ಮನೋಳಿಯ ಜನ ಮನೆಗಳಿಗೆ ಕೀಲಿ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು. ಪ್ಲೇಗಿಗೆ ಅವರು ಗಡ್ಡೆಬೇನೆ ಅನ್ನುತ್ತಿದ್ದರು. ತೊಡೆಯ ಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ ಏಳುತ್ತಿತ್ತು, ಜ್ವರ ನೆತ್ತಿಗೇರುತ್ತಿತ್ತು, ಮೂರು ನಾಲ್ಕು ದಿನದಲ್ಲಿ ಮನುಷ್ಯ ಮುಗಿಯುತ್ತಿದ್ದ. ಗಡ್ಡೆ ಎದ್ದವರನ್ನು ಸರಕಾರದವರು ಗಾಡಿಗೆ ಹಾಕಿ, ರೋಗಿಗಳಿಗೆಂದು ಹೊಳೆಯಾಚೆ ಹಾಕಿದ್ದ ಛಪ್ಪರಕ್ಕೆ ಒಯ್ಯುತ್ತಿದ್ದರು. ಮನೋಳಿಯಿಂದ ಹಾಗೆ ಹನ್ನೊಂದು ಮಂದಿ ಹೋಗಿದ್ದರು, ತಿರುಗಿ ಬಂದವರು ಒಬ್ಬರೂ ಇರಲಿಲ್ಲ. ಛಪ್ಪರದಲ್ಲಿ ಎಲ್ಲರನ್ನೂ ಮಗ್ಗುಲಿಗೆ ಮಗ್ಗುಲು ಮಲಗಿಸುತ್ತಿದ್ದರು. ಬೇನೆ ಇಲ್ಲದೆ ಹೋದವರಿಗೂ ಅಲ್ಲಿ ಬೇನೆ ಅಂಟುವುದು ಖಾತ್ರಿ ಎಂದು ಜನ ಮಾತಾಡಿಕೊಳ್ಳುತ್ತಿದ್ದರು.

ಶಟ್ಟೆವ್ವನ ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದು ಮೂರು ದಿನವಾಗಿತ್ತು.

ಅದು ಗಡ್ಡೆಬೇನೆಯದಲ್ಲ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆ ಮಾಘದ ಭಾರತ ಹುಣ್ಣಿಮೆಯ ಮರುದಿನ ಜೋಳ ಕೊಯ್ಯುವಾಗ ಬಲಗಾಲಿಗೆ ಕೂಳೆ ನೆಟ್ಟಿತ್ತು. ಕುಡುಗೋಲಿನಿಂದ ಓರೆಯಾಗಿ ಕೊಯ್ದ ಜೋಳದ ಬುಡ ಮೊಳೆಯಷ್ಟು ಚೂಪಾಗಿರುತ್ತದೆ. ಅತ್ತೆ ರಾಚವ್ವ ಸೂಜಿಯಿಂದ ಕೆದಕಿ ಒಂದು ತುಣುಕು ತೆಗೆದು, ಬೆಲ್ಲ ಸುಣ್ಣ ಕಲಸಿ ಮೆತ್ತಿ ಅರಿವೆ ಕಟ್ಟಿದ್ದಳು. ಇನ್ನೊಂದು ತುಣುಕು ಒಳಗೇ ಉಳಿದಿರಬೇಕು. ಮೊದಲು ಅಂಗಾಲು ಬಾತಿತು, ಆಮೇಲೆ ಗಡ್ಡೆ ಎದ್ದಿತು, ಕಡೆಗೆ ಜ್ವರ ಬಂತು. ಒಕ್ಕಲುತನದವರಿಗೆ ಇದೇನು ಹೊಸದಲ್ಲ. ಕಾಲಿಗೆ ಗಾಯವಾದರೆ ಸಂದಿಯಲ್ಲಿ ಗಂಟು ಬರುತ್ತದೆ, ಗಾಯ ಮಾಯ್ದರೆ ಗಂಟು ಇಳಿಯುತ್ತದೆ. ಆದರೆ ಆ ವರ್ಷ ಗಂಟು ಎಂದ ಕೂಡಲೇ ಜನರ ಕಣ್ಣು ಹೊಳೆಯಾಚೆಗೆ ಹೋಗುತ್ತಿತ್ತು.

ಆ ಮುಂಜಾನೆ ಡಾಕ್ಟರರ ಗಾಡಿ ಹೊಲದ ದಾರಿಗೆ ತಿರುಗಿದ್ದು ಕಂಡದ್ದೇ ತಡ, ರಾಚವ್ವ ಸೊಸೆಯ ಕಾಲಿನ ಅರಿವೆ ಬಿಚ್ಚಿದಳು. ಬೆಲ್ಲ ಸುಣ್ಣ ತೊಳೆದು, ಗಾಯ ಕಾಣದಂತೆ ಮಣ್ಣು ಬಳಿದು, ಅರಿವೆಯನ್ನು ಒಲೆಯ ಹಿಂದೆ ತುರುಕಿದಳು.

“ಏನ ಕೇಳಿದ್ರೂ ತುಟಿ ಪಿಟಕ್ಕನಬ್ಯಾಡ. ಮಾತು ನಾ ಆಡತೇನಿ,” ಅಂದಳು.

“ಕೂಳಿ ನೆಟ್ಟೈತಿ ಅಂತ ಹೇಳಿದ್ರ ಆತಲ್ರಿ ಅತ್ಯಾರ?”

“ಹೇಳಿದ್ರ ಗಂಟೂ ಹುಡುಕತಾನ. ಸುಮ್ಮ ನಿಂದರು. ಖರೇ ವೈದ್ಯ ಇದ್ರ ಕೈ ಹಿಡದ ಕೂಡ್ಲೆ ಆಂವಗ ತಿಳೀತೈತಿ. ಹೇಳಿಸಿಕೊಂಡ ಔಷಧ ಕೊಡಾಂವ ಎಂಥಾ ವೈದ್ಯ?”

ಇದು ರಾಚವ್ವನೊಬ್ಬಳ ಹಟವಲ್ಲ, ಆ ಸೀಮೆಯ ರೂಢಿಯೇ ಹಾಗಿತ್ತು. ಚಚಡಿಯಲ್ಲಿ ಒಬ್ಬ ನಾಡಿ ವೈದ್ಯನಿದ್ದ. ಅವನ ಮುಂದೆ ಹೋದವರು ಕೈ ಚಾಚಿ ಬಾಯಿ ಮುಚ್ಚಿಕೊಂಡು ಕೂರಬೇಕು. ಅವನು ಕಣ್ಣು ಮುಚ್ಚಿ ನಾಡಿ ಹಿಡಿದು, ಇಂಥ ಕಡೆ ಇಂಥ ನೋವು ಎಂದು ತಾನೇ ಹೇಳಬೇಕು. ರೋಗಿ ಮುಂಚಿತವಾಗಿ ಬಾಯಿ ಬಿಟ್ಟರೆ ವೈದ್ಯನಿಗೆ ಅವಮಾನ, ಸುತ್ತ ಕೂತವರಿಗೆ ನಗೆ. ಹನ್ನೊಂದು ವರ್ಷದ ಹಿಂದೆ ರಾಚವ್ವನ ಗಂಡ ಪರಸಪ್ಪ ಮೇವಿನ ಬಣವೆಯ ಮೇಲಿಂದ ಬಿದ್ದು ರಕ್ತ ಉಗುಳತೊಡಗಿದಾಗಲೂ ಆ ವೈದ್ಯ ಬಂದು ನಾಡಿ ಹಿಡಿದು, ಪಿತ್ತ ಕೆರಳಿದೆ ಅಂದ. ಗಂಡ ಬಿದ್ದ ಮಾತನ್ನು ರಾಚವ್ವ ಎತ್ತಲಿಲ್ಲ. ಎತ್ತಬಾರದಲ್ಲ! ಪಿತ್ತದ ಕಷಾಯ ಕುಡಿದು ಪರಸಪ್ಪ ಒಂಬತ್ತನೆಯ ದಿನ ತೀರಿಕೊಂಡ. ಇದನ್ನೆಲ್ಲ ಶಟ್ಟೆವ್ವನಿಗೆ ಹೇಳಿದ್ದು ಗಂಡ ಲಕ್ಕಪ್ಪ, ಅದೂ ಪಿಸುಮಾತಿನಲ್ಲಿ ಒಂದೇ ಒಂದು ಸಲ. ಮನೆಯಲ್ಲಿ ಆ ಬಣವೆಯ ಮಾತು ಆಡುವಂತಿರಲಿಲ್ಲ. ರಾಚವ್ವ ಮಾತ್ರ ಆ ರೂಢಿಯನ್ನು ಅಂದಿನಿಂದ ಇನ್ನೂ ಬಿಗಿಯಾಗಿ ಹಿಡಿದಿದ್ದಳು. ಅದು ತಪ್ಪು ಎಂದಾದರೆ ಆಕೆ ತನ್ನ ಬಗ್ಗೆ ಏನೆಂದುಕೊಳ್ಳಬೇಕು, ಪಾಪ.

ಡಾಕ್ಟರರು ಹೊಲದ ಬದುವಿನ ಬೇವಿನ ಮರದ ಕೆಳಗೆ ಮೇಜು, ಸ್ಟೂಲು ಹಾಕಿಸಿ ಕೂತರು. ಪಕ್ಕದಲ್ಲಿ ಔಷಧದ ಕಟ್ಟಿಗೆಯ ಪೆಟ್ಟಿಗೆ. ಅದರ ಪಕ್ಕದಲ್ಲಿ ಕಂಪೌಂಡರ ಮಡಿವಾಳೆಪ್ಪ, ಬೈಲಹೊಂಗಲದವ. ಸಾಹೇಬರ ಮರಾಠಿಯನ್ನು ಜನರಿಗೆ, ಜನರ ಕನ್ನಡವನ್ನು ಸಾಹೇಬರಿಗೆ ದಾಟಿಸುವುದು ಅವನ ಕೆಲಸ. ದಾಟಿಸುವಾಗ ಮಾತಿನ ಮುಕ್ಕಾಲು ಭಾರವನ್ನು ದಾರಿಯಲ್ಲೇ ಇಳಿಸಿಬಿಡುತ್ತಿದ್ದ. ಮುದುಕ ಉಳವಪ್ಪ ತನ್ನ ಹೊಟ್ಟೆಯ ಹಿಂದಿನ ಮುಂದಿನ ಕತೆಯನ್ನೆಲ್ಲ ಹೇಳಿ ದಣಿದು ನಿಂತರೆ, ಮಡಿವಾಳೆಪ್ಪ ಮರಾಠಿಯಲ್ಲಿ ‘ಹೊಟ್ಟೆನೋವು’ ಎಂದು ಮುಗಿಸಿದ. ಸಾಹೇಬರೂ ಹೆಚ್ಚಿಗೆ ಕೇಳಲಿಲ್ಲ. ಅವರ ಮಟ್ಟಿಗೆ ಹೇಳುವುದಾದರೆ, ತಿಂಗಳಿಂದ ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕೇಳಿದಲ್ಲೆಲ್ಲ ಜನ ಸುಳ್ಳು ಹೇಳಿದ್ದರಿಂದ ಕೇಳುವುದನ್ನೇ ಬಿಟ್ಟಿದ್ದರು. ಹಾಗೆಂದು ಅವರನ್ನು ಒಳ್ಳೆಯವರೆಂದು ಹೊಗಳಲು ನಾನು ತಯಾರಿಲ್ಲ. ಕೇಳದವನಿಗೆ ಖರೆ ಯಾರು ಹೇಳುತ್ತಾರೆ?

ಶಟ್ಟೆವ್ವನ ಪಾಳಿ ಬಂತು. ಐದು ತಿಂಗಳ ಮಗಳು ರಾಮವ್ವನನ್ನು ಗಂಡನ ಕೈಗೆ ಕೊಟ್ಟು ಮುಂದೆ ಬಂದಳು.

“ನಡಿ,” ಅಂದರು ಡಾಕ್ಟರರು.

ಹತ್ತು ಹೆಜ್ಜೆ ನಡೆಯಬೇಕು. ಸಂದಿಯಲ್ಲಿ ಗಡ್ಡೆ ಇದ್ದವರು ಕಾಲು ಎಳೆಯುತ್ತಾರೆ. ಹೆಂಗಸರ ಮೈ ಮುಟ್ಟದೆ ಪತ್ತೆ ಹಚ್ಚಲು ಅವರು ಕಂಡುಕೊಂಡ ಉಪಾಯ ಅದು. ಶಟ್ಟೆವ್ವ ಹಲ್ಲು ಕಚ್ಚಿ ನಾಲ್ಕು ಹೆಜ್ಜೆ ನೆಟ್ಟಗಿಟ್ಟಳು. ಐದನೆಯದಕ್ಕೆ ಅಂಗಾಲಿನ ನೋವು ನೆತ್ತಿಗೆ ಏರಿತು, ಕಾಲು ತಾನಾಗಿ ಎಳೆಯಿತು. ಡಾಕ್ಟರರು ಎದ್ದು ಬಂದು ಹಣೆ ಮುಟ್ಟಿ ನೋಡಿದರು, ಮಡಿವಾಳೆಪ್ಪನಿಗೆ ಏನೋ ಹೇಳಿದರು. ಮಡಿವಾಳೆಪ್ಪ ನೆಲ ನೋಡುತ್ತ ರಾಚವ್ವನಿಗೆ ಕೇಳಿದ, “ಯವ್ವಾ, ನಿನ್ನ ಸೊಸಿಗೆ ಗಡ್ಡಿ ಎದ್ದೈತೇನ?”

ಗಡ್ಡೆ ಇದ್ದದ್ದು ಶಟ್ಟೆವ್ವನಿಗೆ, ಕೇಳಿದ್ದು ರಾಚವ್ವನನ್ನು.

“ಎಲ್ಲಿ ಗಡ್ಡಿನೋ ಎಪ್ಪಾ? ಏನೂ ಇಲ್ಲ. ಜ್ವರಾನೂ ಇಲ್ಲ, ಬಿಸಲಾಗ ನಿಂತಾಳ. ದೊಡ್ಡ ಡಾಕ್ಟರ ಅದಾರಲ್ಲ, ನಾಡಿ ಹಿಡದ ಅವರ ಹೇಳಲಿ,” ಅಂದಳು ರಾಚವ್ವ, ಸೆರಗು ಬಿಗಿದುಕೊಂಡು.

ಕೆಂಡದಂತೆ ಸುಡುತ್ತಿದ್ದ ಹಣೆಯನ್ನು ಆಗಷ್ಟೇ ಮುಟ್ಟಿದ್ದ ಡಾಕ್ಟರರು ಮತ್ತೇನೂ ಕೇಳಲಿಲ್ಲ. ಪುಸ್ತಕದಲ್ಲಿ ಒಂದು ಗೆರೆ ಬರೆದು, ಗಾಡಿಯ ಕಡೆ ಕೈ ತೋರಿಸಿ, ಮುಂದಿನ ಗುಡಿಸಲಿನವರ ಕಡೆ ಹೊರಳಿದರು. ಮುಗಿಯಿತು. ಒಬ್ಬ ಹೆಣ್ಣುಮಗಳ ಸಾವು ಬದುಕಿನ ವಿಚಾರಣೆ ಮುಗಿಯಿತು, ಆ ಹೆಣ್ಣುಮಗಳು ಒಂದು ಮಾತೂ ಆಡಿರಲಿಲ್ಲ.

ಲಕ್ಕಪ್ಪನ ತೋಳಲ್ಲಿ ರಾಮವ್ವ ಅಳತೊಡಗಿದಳು. ಹಾಲಿನ ಹೊತ್ತಾಗಿತ್ತು. ಆ ಅಳು ಕೇಳಿದ್ದೇ ಶಟ್ಟೆವ್ವನ ಎದೆಯಲ್ಲಿ ಹೆದರಿಕೆ ಹೋಗಿ ಸಿಟ್ಟು ಬಂದು ಕೂತಿತು. ಅತ್ತೆಯ ಮೇಲೆ ಸಿಟ್ಟು, ಡಾಕ್ಟರನ ಮೇಲೆ ಸಿಟ್ಟು, ಮಗುವನ್ನು ಹಿಡಿದು ಸುಮ್ಮನೆ ನಿಂತ ಗಂಡನ ಮೇಲೂ ಸಿಟ್ಟು.

“ಗಡ್ಡಿ ಐತ್ರಿ!” ಅಂದಳು ಗಟ್ಟಿಯಾಗಿ.

ಬೇವಿನ ಮರದ ಕೆಳಗಿದ್ದವರೆಲ್ಲ ಹೌಹಾರಿದರು. ಇದ್ದ ಗಡ್ಡೆಯನ್ನು ಇಲ್ಲವೆಂದು ಆಣೆ ಮಾಡಿದವರನ್ನು ಅವರು ಕಂಡಿದ್ದರು. ತಾನಾಗಿಯೇ ಇದೆ ಎಂದವಳನ್ನು ಕಂಡಿರಲಿಲ್ಲ. ರಾಚವ್ವ “ಯವ್ವಾ, ಹುಚ್ಚು ಹಿಡೀತೇನ ನಿನಗ?” ಎಂದು ಅವಳ ಸೆರಗು ಜಗ್ಗಿದಳು.

“ಐತಿ ಅಂದೆ. ಯಾಕ ಐತಿ ಅಂತ ಕೇಳ್ರಿ,” ಅಂದಳು ಶಟ್ಟೆವ್ವ.

“ಕೇಳೂದ ಏನೈತಿ ತಂಗೀ? ಗಾಡಿ ಹತ್ತು,” ಅಂದ ಮಡಿವಾಳೆಪ್ಪ.

“ನೀವು ಕೇಳೂತನಾ ನಾ ಹತ್ತಂಗಿಲ್ಲ. ಎಳಕೊಂಡ ಹೊಂಟ್ರೂ ಒದರಕೋತನ ಬರತೇನಿ.”

ಡಾಕ್ಟರರು ತಿರುಗಿ ನೋಡುವಷ್ಟರಲ್ಲಿ ಆಕೆ ಕುಂಟುತ್ತ ಹೋಗಿ ಅವರ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದಳು. ಸರಕಾರದ ಮನುಷ್ಯನ ಸ್ಟೂಲಿನ ಮೇಲೆ! ಅಷ್ಟಕ್ಕೇ ನಿಲ್ಲಲಿಲ್ಲ. ಎರಡೂ ಕೈಯಿಂದ ಬಲಗಾಲನ್ನು ಎತ್ತಿ, ಮೇಜಿನ ಮೇಲೆ, ಬರೆಯುವ ಪುಸ್ತಕದ ಪಕ್ಕದಲ್ಲಿ, ಅಂಗಾಲು ಡಾಕ್ಟರರ ಮುಖಕ್ಕೆ ಎದುರಾಗಿ ಇಟ್ಟಳು. ಜನ ಹಾಂ ಹಾಂ ಎಂದು ಬಾಯಿಗೆ ಕೈ ಹಿಡಿದರು. ದೊಡ್ಡವರ ಮುಂದೆ ಕಾಲು ಚಾಚಿ ಕೂರದ ಸೀಮೆ ಅದು. ಮಾವನ ಸಮಾನರ ಮುಂದೆ ಉಗುರು ಕಾಣದಂತೆ ಸೀರೆ ಇಳಿಬಿಡುವ ಸೊಸೆಯಂದಿರು ಅವರೆಲ್ಲ.

“ಕಾಲು ನಿಮ್ಮ ಮಾರಿ ಮುಂದ ಇಟ್ಟದ್ದು ತಪ್ಪ ಐತಿ, ನನಗೂ ಗೊತ್ತೈತಿ,” ಅಂದಳು ಶಟ್ಟೆವ್ವ. “ಬಾಯಿ ಹೇಳಿದ್ದನ್ನ ಕೇಳಾವ್ರ ಯಾರೂ ಇಲ್ಲ. ಅದಕ್ಕ ಕಾಲು ಇಟ್ಟೇನಿ. ನೋಡ್ರಿ.” ಸೆರಗಿನ ತುದಿಗೆ ಉಗುಳು ಹಚ್ಚಿ ಅತ್ತೆ ಬಳಿದಿದ್ದ ಮಣ್ಣನ್ನು ಉಜ್ಜಿ ತೆಗೆದಳು.

ಅಂಗಾಲು ಬಾತು ಹೊಳೆಯುತ್ತಿತ್ತು. ನಡುವೆ ಹಳದಿ ಕೀವಿನ ಬಾಯಿ, ಸುತ್ತ ಕೆಂಪು. ಕೆಂಪು ಗೆರೆಯೊಂದು ಹಿಮ್ಮಡಿಯ ಪಕ್ಕದಿಂದ ಮೇಲಕ್ಕೆ ಹೊರಟಿತ್ತು. ಡಾಕ್ಟರರು ಬಾಗಿದರು. ಕಾಲನ್ನು ನೋಡಿದರು, ಆಕೆಯ ಮುಖವನ್ನು ನೋಡಿದರು. ಅಲ್ಲಿಗೆ ಅವರಿಗೆ ನಾಲ್ಕನೆಯ ಕನ್ನಡದ ಮಾತು ಎಲ್ಲಿಂದಲೋ ಸಿಕ್ಕಿತು.

“ಯಾವಾಗ?”

“ಭಾರತ ಹುಣ್ಣಿವಿ ಮರುದಿನ. ಜ್ವಾಳಾ ಕೊಯ್ಯೂಮುಂದ ಕೂಳಿ ನೆಟ್ತು. ಮೂರನೇ ದಿನಕ್ಕ ಕಾಲು ಬಾತು. ಅದರ ಮರುದಿನ ಗಂಟು ಬಂತು. ಜ್ವರಾ ಬಂದದ್ದ ನಿನ್ನಿ. ಮೊದಲ ಕಾಲು, ಆಮ್ಯಾಲೆ ಗಂಟು, ಕಡೀಕ ಜ್ವರಾ. ಇವತ್ತಿಗೆ ಆರು ದಿನಾ ಆತು. ಗಡ್ಡಿಬ್ಯಾನಿ ಆಗಿದ್ರ ಇಷ್ಟೊತ್ತಿಗೆ ನನ್ನ ಮಣ್ಣ ಮಾಡಿ ಬಂದಿರತಿದ್ರು.”

ಮಡಿವಾಳೆಪ್ಪ ಗಂಟಲು ಸರಿಮಾಡಿಕೊಂಡು ಮರಾಠಿಯಲ್ಲಿ ಎರಡು ಶಬ್ದ ಅಂದ. ಶಟ್ಟೆವ್ವನಿಗೆ ಮರಾಠಿ ಬರುತ್ತಿರಲಿಲ್ಲ ನಿಜ. ಆದರೆ ಉದ್ದ ಗಿಡ್ಡ ತಿಳಿಯದಷ್ಟು ದಡ್ಡಿಯೂ ಆಗಿರಲಿಲ್ಲ.

“ಅಷ್ಟ ಅಲ್ಲ ನಾ ಹೇಳಿದ್ದು. ನಾ ಇಷ್ಟುದ್ದ ಹೇಳೇನಿ, ನೀವು ಗೇಣಷ್ಟ ಹೇಳಿದ್ರಿ. ಯಾವುದು ಮೊದಲ, ಯಾವುದು ಆಮ್ಯಾಲೆ, ಹೇಳಿದ್ರೇನು? ಆರು ದಿನಾ ಅಂದ್ರೇನು? ಪೂರಾ ಹೇಳ್ರಿ!”

ಮಡಿವಾಳೆಪ್ಪನ ಕಿವಿ ಕೆಂಪಾದವು. ನೌಕರಿಗೆ ಸೇರಿದ ಮೇಲೆ ಅವನ ಕೆಲಸಕ್ಕೆ ಕೈ ಹಾಕಿ ತೂಗಿ ನೋಡಿದವರು ಯಾರೂ ಇರಲಿಲ್ಲ. ಈ ಸಲ ಪೂರಾ ಹೇಳಿದ. ಕಾಲು, ಗಂಟು, ಜ್ವರ ಎಂದು ಅವನು ಬೆರಳು ಮಡಚಿದ್ದನ್ನು ಶಟ್ಟೆವ್ವ ಕಣ್ಣು ಪಿಳುಕಿಸದೆ ನೋಡಿದಳು.

ಡಾಕ್ಟರರ ಹುಬ್ಬು ಮೇಲೇರಿತು, ಮತ್ತೆ ಇಳಿಯಿತು. ಅವರು ಬೇಸರದಿಂದ ಹೇಳಿದ್ದನ್ನು ಮಡಿವಾಳೆಪ್ಪ ದಾಟಿಸಿದ: “ತಂಗೀ, ಸಾಹೇಬ್ರ ಅಂತಾರ, ಇದ ಖರೇ ಆದ್ರ ಇದು ಬ್ಯಾರೆ ಬ್ಯಾನಿ. ಆದ್ರ ಮೊನ್ನಿ ಒಬ್ಬಾಂವ ಛಪ್ಪರಾ ತಪ್ಪಸ್ಲಾಕ ತನ್ನ ಕಂಕಳಾ ತಾನ ಕೊಯ್ಕೊಂಡ, ಕುರು ಅಂತ ತೋರಿಸ್ಯಾನ. ನಿನ್ನ ಗಾಯ ಮೊದಲ ಆದದ್ದೋ, ನಿನ್ನಿ ಮಾಡ್ಕೊಂಡದ್ದೋ? ನಿನ್ನ ಅತ್ತಿನ ಏನೂ ಇಲ್ಲ ಅಂದ್ಲಲ್ಲ. ಯಾರ ಮಾತ ನಂಬಬೇಕು?”

ಎಲ್ಲರ ಕಣ್ಣು ರಾಚವ್ವನ ಮೇಲೆ ಹೊರಳಿದವು. ರಾಚವ್ವ ಬೇವಿನ ಬೊಡ್ಡೆಗೆ ಒರಗಿ ನಿಂತಿದ್ದಳು. ಬಾಯಿ ತೆಗೆದರೆ ತಾನು ಸುಳ್ಳಿ ಎಂದು ತಾನೇ ಒಪ್ಪಿದಂತೆ. ಬೇನೆ ಬಚ್ಚಿಟ್ಟವರಿಗೆ ಸಜೆ ಎಂದು ಡಂಗುರ ಬೇರೆ ಹೊಡೆಸಿದ್ದರು.

“ಹೇಳ್ರಿ ಅತ್ಯಾರ,” ಅಂದಳು ಶಟ್ಟೆವ್ವ.

ರಾಚವ್ವ ಮುಖ ಆಚೆ ತಿರುಗಿಸಿದಳು. “ವೈದ್ಯಾಗ ಹೇಳಬಾರದು.”

ಆ ಮಾತಿಗೆ ಶಟ್ಟೆವ್ವನ ತಾಳ್ಮೆ ಹರಿಯಿತು. ಸೊಸೆಯಾಗಿ ಬಂದ ಐದು ವರ್ಷದಲ್ಲಿ ಅತ್ತೆಗೆ ಎದುರು ಮಾತಾಡದವಳು, ಮಗುವನ್ನು ಹಿಡಿದು ನಿಂತ ಗಂಡನ ಕಡೆ ಒಮ್ಮೆ ನೋಡಿ, ಅಂದೇಬಿಟ್ಟಳು.

“ಮಾವಾರು ಬಣವಿ ಮ್ಯಾಲಿಂದ ಬಿದ್ದದ್ದನ್ನೂ ಹೇಳಲಿಲ್ಲ ನೀವು. ಹೇಳಬಾರದು ಅಂತ ಕುಂತ್ರಿ. ಕುಂತು ಏನಾತ್ರಿ? ಈಗ ನನ್ನ ಪಾಳಿನೇನು? ನಿಮ್ಮ ಮೊಮ್ಮಗಳಿಗೆ ನಾಳಿಂದ ಹಾಲು ಯಾರ ಕೊಡಬೇಕು, ನಿಮ್ಮ ವೈದ್ಯನೇನು?”

ಹನ್ನೊಂದು ವರ್ಷ ಯಾರೂ ಆಡದ ಮಾತು ಹಾಡಹಗಲು ಹೊಲದ ನಡುವೆ ಆಡಿಹೋಗಿತ್ತು. ರಾಚವ್ವ ಸೊಸೆಯ ಹತ್ತಿರಕ್ಕೆ ಬಂದಳು. ಹೊಡೆಯುತ್ತಾಳೆ ಎಂದೇ ಶಟ್ಟೆವ್ವ ಅಂದುಕೊಂಡಳು. ರಾಚವ್ವ ತಿರುಗಿ ಗುಡಿಸಲಿಗೆ ನಡೆದಳು. ಒಳಗೆ ಗಡಿಗೆ ಉರುಳಿದ ಸಪ್ಪಳ ಕೇಳಿತು. ಹೊರಗೆ ಬಂದಾಗ ಕೈಯಲ್ಲಿ ಆ ಅರಿವೆ ಇತ್ತು. ಆರು ದಿನದ ಬೆಲ್ಲ ಸುಣ್ಣ ಗಟ್ಟಿಯಾಗಿ ಹತ್ತಿಕೊಂಡಿತ್ತು, ಕೆಳಗಿನ ಪದರಲ್ಲಿ ಹಳೆಯ ರಕ್ತ ಒಣಗಿ ಕಪ್ಪಾಗಿತ್ತು. ಅದನ್ನು ಮೇಜಿನ ಮೇಲೆ ಹಾಕಿದಳು.

“ನಾ ಸುಳ್ಳ ಹೇಳೇನ್ರಿ ಸಾಹೇಬ್ರ,” ಅಂದಳು. “ಕೂಳಿ ತಗದಾಕಿ ನಾನ, ಕಟ್ಟಿದಾಕಿ ನಾನ, ಇವತ್ತ ಮುಂಜಾನೆ ತೊಳದಾಕೀನೂ ನಾನ. ಆಕಿ ಅಂದದ್ದೆಲ್ಲಾ ಖರೇ ಐತಿ. ಸಜಾ ಕೊಡೂದಿದ್ರ ನನ್ನ ಒಯ್ರಿ. ಆಕಿನ್ನ ಬಿಡ್ರಿ.”

ಮಡಿವಾಳೆಪ್ಪ ಈ ಸಲ ಯಾರೂ ಹೇಳುವ ಮುಂಚೆಯೇ ಪೂರಾ ದಾಟಿಸಿದ.

ಡಾಕ್ಟರರು ಅರಿವೆಯನ್ನು ಬೆಳಕಿಗೆ ಹಿಡಿದು ನೋಡಿದರು, ಪದರು ಬಿಡಿಸಿ ನೋಡಿದರು. ಕಡೆಗೆ ಪೆಟ್ಟಿಗೆ ತೆಗೆಸಿ ಸಣ್ಣ ಚಾಕು ಹೊರತೆಗೆದರು. ಲಕ್ಕಪ್ಪ ಕಣ್ಣು ಮುಚ್ಚಿಕೊಂಡ. ಶಟ್ಟೆವ್ವ ಮುಚ್ಚಲಿಲ್ಲ. ತನ್ನ ಕಾಲಿಗೆ ಆಗುವುದನ್ನು ತಾನು ನೋಡದೆ ಇನ್ನಾರು ನೋಡಬೇಕು? ಚಾಕು ಇಳಿದದ್ದೇ ಕೀವು ಚಿಮ್ಮಿತು. ಅವಳ ಬಾಯಿಂದ ಒಂದು ಕೂಗು ಬಂತು, ಅಷ್ಟೇ. ಚಿಮಟಿಗೆಯ ತುದಿಯಲ್ಲಿ ಬೆರಳಿನ ಗೆಣ್ಣಿನಷ್ಟು ಉದ್ದದ ಕೂಳೆಯ ಚೂರು ಹೊರಬಂತು, ಕೊಳೆತು ಕಪ್ಪಾಗಿತ್ತು. ಡಾಕ್ಟರರು ಅದನ್ನು ಪುಸ್ತಕದ ಹಾಳೆಯ ಮೇಲೆ, ಅವಳ ಹೆಸರಿನ ಪಕ್ಕದಲ್ಲೇ ಇಟ್ಟರು. ಆಮೇಲೆ ಹೆಸರಿನ ಮೇಲೆ ಅಡ್ಡಗೆರೆ ಎಳೆದರು.

ಗಾಡಿ ಹೊಡೆಯುವವನು ಎತ್ತುಗಳ ಕೊರಳ ಹಗ್ಗ ಸಡಿಲಿಸಿದ. ಜನ ಉಸಿರು ಬಿಟ್ಟು ಮಾತಿಗೆ ಶುರುವಿಟ್ಟರು. ಡಾಕ್ಟರರು ಗಾಯಕ್ಕೆ ಪಟ್ಟಿ ಸುತ್ತಿ, ನಾಲ್ಕು ದಿನ ನೆಲಕ್ಕೆ ಕಾಲು ಹಚ್ಚಬಾರದೆಂದು ಹೇಳಿಸಿ, ಚಾಕು ತೊಳೆದು ಹೊರಡಲು ಅನುವಾದರು. ಸಜೆಯ ಮಾತು ಅವರೂ ಎತ್ತಲಿಲ್ಲ, ಮಡಿವಾಳೆಪ್ಪನೂ ನೆನಪಿಸಲಿಲ್ಲ.

ಆಗ ರಾಚವ್ವ ಅವರ ದಾರಿಗೆ ಅಡ್ಡ ಬಂದು ನಿಂತಳು.

“ಒಂದ ಮಾತ ಕೇಳೂದೈತ್ರಿ,” ಅಂದಳು. “ಒಬ್ಬರು ಬಣವಿ ಮ್ಯಾಲಿಂದ ಬಿದ್ದಿದ್ರು. ಎದಿಯಾಗ ನೋವು ಅಂತಿದ್ರು, ರಕ್ತ ಉಗುಳತಿದ್ರು. ಬಿದ್ದದ್ದನ್ನ ವೈದ್ಯಾಗ ಹೇಳಿದ್ರ... ಉಳೀತಿದ್ರೇನ್ರಿ?”

ಮಡಿವಾಳೆಪ್ಪ ಬಿಸಿಲು ನೋಡಿದ. ಇನ್ನೂ ಇಪ್ಪತ್ತು ಗುಡಿಸಲು ಬಾಕಿ ಇದ್ದವು. ಅವನು ಮರಾಠಿಯಲ್ಲಿ ಚುಟುಕಾಗಿ ಏನೋ ಹೇಳಿ, ರಾಚವ್ವನಿಗೆ, “ಹಳೇ ಮಾತ ಯವ್ವಾ, ಈಗ್ಯಾಕ? ಬಿಡು,” ಅಂದ.

“ಬಿಡಬ್ಯಾಡ್ರಿ!” ಅಂದಳು ಶಟ್ಟೆವ್ವ, ಸ್ಟೂಲಿನ ಮೇಲಿಂದಲೇ. ಅವಳ ಕಾಲು ಇನ್ನೂ ಮೇಜಿನ ಮೇಲಿತ್ತು. ಮಗಳನ್ನು ಗಂಡನ ಕೈಯಿಂದ ಇಸಿದುಕೊಂಡು ಸೆರಗಿನ ಮರೆಯಲ್ಲಿ ಹಾಲಿಗೆ ಹಚ್ಚಿದ್ದಳು. “ಆಕಿ ಹನ್ನೊಂದ ವರ್ಷ ನುಂಗಿಕೊಂಡ ಕುಂತಾಳ. ನಿಮಗ ಒಂದ ಗಳಿಗಿ ನಿಂದ್ರಾಕ ಆಗೂದಿಲ್ಲೇನು?”

ಡಾಕ್ಟರರು ಸೊಸೆಯನ್ನು ನೋಡಿದರು, ಅತ್ತೆಯನ್ನು ನೋಡಿದರು. ತಮ್ಮ ಸ್ಟೂಲಿನ ಕಡೆಯೂ ನೋಡಿದರು, ಅದು ತಿರುಗಿ ಸಿಗುವ ಲಕ್ಷಣ ಕಾಣಲಿಲ್ಲ. ಔಷಧದ ಪೆಟ್ಟಿಗೆಯನ್ನು ಎಳೆದುಕೊಂಡು ಅದರ ಮೇಲೆ ಕೂತರು. ಮಡಿವಾಳೆಪ್ಪನ ಕಡೆ ಒಂದು ಬೆರಳು ಎತ್ತಿ, ಅವತ್ತು ಕಲಿತ ಐದನೆಯ ಮಾತನ್ನು ಅಂದರು.

“ಪೂರಾ.”

ರಾಚವ್ವ ನೆಲದ ಮೇಲೆ ಕೂತಳು, ಸೆರಗಿನಿಂದ ಮುಖ ಒರೆಸಿಕೊಂಡಳು.

“ಅವತ್ತ ನಾನ ಅವರನ್ನ ಬಣವಿ ಹತ್ತಿಸಿದ್ದೆ ಸಾಹೇಬ್ರ,” ಎಂದು ಶುರುಮಾಡಿದಳು.